ಬಿಳಿ ಚುಕ್ಕೆಯ ಪೆಟ್ಟಿಗೆಗಳು

ಭಾಗ್ಯಾ, ನಿನ್ನ ಕೆಲಸದ ಕಾಗದ ಬಂದ ದಿನ ನೀನು ನನ್ನನ್ನು ಒಂದು ಮಾತು ಕೇಳಿದೆ. "ಅಜ್ಜಿ, ನಾ ಮಾಡೋದೂ ರಿಲೇ ನೆಟ್‌ವರ್ಕಿನ ಕೆಲಸಾನೇ ನೋಡು. ನೀ ಆ ಫ್ಯಾಕ್ಟರಿಯಾಗ ಹತ್ತೊಂಬತ್ತು ವರ್ಷ ಏನ್ ಮಾಡ್ತಿದ್ದಿ?" ನಾನು "ಸ್ಕ್ರೂ ತಿರುವತಿದ್ದೆ" ಅಂದೆ. ನೀನು ನಕ್ಕೆ, ನಿನ್ನ ತಮ್ಮ ವಿನಯನೂ ನಕ್ಕ. ನಾನೂ ನಕ್ಕು ಒಳಗೆ ಹೋದೆ.

ಒಳಗೆ ಹೋದಮೇಲೆ ಅನ್ನಿಸಿತು, ಇವಳಿಗೆ ಸರಿಯಾಗಿ ಹೇಳಬೇಕಾಗಿತ್ತು ಎಂದು. ಎದುರು ಕೂತು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ಆಳಂದದ ಕಡೆಯ ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಿತೆ. ಅಲ್ಲಿಯೂ ಉತ್ತರ ಗೊತ್ತಿದ್ದಾಗ ಕೈ ಎತ್ತಿದವಳಲ್ಲ, ಬರೆಯುವುದಾದರೆ ಮಾತ್ರ ಬರೆದಿಟ್ಟವಳು. ಅದಕ್ಕೇ ಬರೆಯುತ್ತಿದ್ದೇನೆ. ವಿನಯನಿಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳಲಿ. ಅವಳಿಗೂ ಇದರಲ್ಲಿ ಬಹಳಷ್ಟು ಗೊತ್ತಿಲ್ಲ. ನನಗೆ ಬಂದ ಬಡ್ತಿಯ ಬಗ್ಗೆ ಬರೆಯುವುದಿಲ್ಲ. ಅದು ಹೇಗೆ ಬಂತು ಎಂಬುದು ಮಾತ್ರ ನಡುವೆ ಬರುತ್ತದೆ.

ನಿಮ್ಮ ಅಮ್ಮನ ಮದುವೆಯಾದ ಮರುವರ್ಷ ನಾನು ಕೆಲಸಕ್ಕೆ ಸೇರಿದೆ. ನಿಮ್ಮ ಅಜ್ಜ ಇಲ್ಲಿ, ಮರಾಠಿ ಸೀಮೆಯ ರಾಂಜಣಗಾಂವದಲ್ಲಿ, ಫ್ಯಾಕ್ಟರಿ ಕಟ್ಟುವ ಗುತ್ತೇದಾರನ ಕೈಕೆಳಗೆ ಗವಂಡಿಯಾಗಿದ್ದರು. ಅವರು ಗೋಡೆ ಕಟ್ಟಿದ ಒಂದು ಫ್ಯಾಕ್ಟರಿಯಲ್ಲೇ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆಂದು ತಿಳಿದು ನನ್ನನ್ನು ಕರೆದುಕೊಂಡು ಹೋದರು. ಕಣ್ಣು ಚುರುಕಾಗಿರಬೇಕು, ಕೈ ನಡುಗಬಾರದು, ಹತ್ತನೆಯ ತರಗತಿ ಆಗಿರಬೇಕು. ಅಷ್ಟೇ ಅವರು ಕೇಳಿದ್ದು. ಮಾತು ಬರಬೇಕು ಎಂದು ಯಾರೂ ಕೇಳಲಿಲ್ಲ.

ಅಲ್ಲಿ ರಿಲೇ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಮೊಬೈಲಿನ ದೊಡ್ಡ ಟವರು ಮುಟ್ಟದ ಊರುಗಳಿಗೆ ನಡುವೆ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಅದು ದೂರದ ಟವರಿನ ಸಣ್ಣ ದನಿಯನ್ನು ಕೇಳಿಸಿಕೊಂಡು, ಅದನ್ನೇ ಜೋರಾಗಿ ಊರಿಗೆ ಹೇಳುತ್ತದೆ. ಊರಿನ ಫೋನುಗಳ ಮಾತನ್ನು ಹಾಗೆಯೇ ತಿರುಗಿ ಟವರಿಗೆ ಮುಟ್ಟಿಸುತ್ತದೆ. ಎರಡೂ ಏಕಕಾಲಕ್ಕೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ವಿನಯನಿಗಾಗಿ ಬರೆದೆ. ಕಷ್ಟ ಎಲ್ಲಿ ಎಂದರೆ, ಪೆಟ್ಟಿಗೆ ಕೂಗುವ ದನಿ ಅದರ ಕಿವಿಗೇ ಬಿದ್ದರೆ ಅದು ಕಿವುಡಾಗುತ್ತದೆ. ಗಣಪತಿ ಮಂಟಪದಲ್ಲಿ ಮೈಕು ಹಿಡಿದವರು ಸ್ಪೀಕರಿನ ಎದುರು ಹೋದರೆ ಕುಂಯ್ ಎಂದು ಕಿವಿ ಹರಿಯುವ ಸದ್ದು ಬರುವುದಿಲ್ಲವೇ, ಹಾಗೆ. ಇಲ್ಲಿ ಮಾತ್ರ ಆ ಸದ್ದು ಮನುಷ್ಯರಿಗೆ ಕೇಳುವುದಿಲ್ಲ. ಫೋನುಗಳು ಸುಮ್ಮನಾಗುತ್ತವೆ. ಆ ಗಲಾಟೆ ಹಿಂದಿನ ಟವರಿಗೂ ಮುಟ್ಟಿ ಪಕ್ಕದ ಊರಿನವರ ಮಾತೂ ಕೆಡುತ್ತದೆ.

ಅದನ್ನು ತಡೆಯಲು ಬಾಯಿಗೂ ಕಿವಿಗೂ ನಡುವೆ ಒಂದು ಫಿಲ್ಟರ್ ಇರುತ್ತಿತ್ತು. ಅಂಗೈಗಿಂತ ಎರಡರಷ್ಟು ಅಗಲದ ಲೋಹದ ಗಟ್ಟಿ, ಒಳಗೆ ಸಾಲಾಗಿ ಕುಳಿಗಳು, ಪ್ರತಿ ಕುಳಿಗೂ ಮೇಲಿನಿಂದ ಒಂದು ಸ್ಕ್ರೂ, ಸ್ಕ್ರೂಗೆ ಒಂದು ನಟ್ಟು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಮುಂದಿನ ಪರದೆಯ ಮೇಲೆ ಗೆರೆ ಏಳುತ್ತದೆ, ಬೀಳುತ್ತದೆ. ಗೆರೆ ಒಂದು ಮಟ್ಟದ ಕೆಳಗೇ ಇರಬೇಕು. ಆ ಮಟ್ಟವನ್ನು ನಾವು ಹೆಂಗಸರು ಹೊಸ್ತಿಲು ಎನ್ನುತ್ತಿದ್ದೆವು. ಹೊಸ್ತಿಲು ದಾಟಿತೋ, ಪೆಟ್ಟಿಗೆಯ ಬಾಯಿ ಅದರ ಕಿವಿಗೇ ತಾಗಿತು ಎಂದು ಅರ್ಥ.

ನನಗೆ ಕೆಲಸ ಕಲಿಸಿದವಳು ಮಂಗಲಾ. ಅಕ್ಕಲಕೋಟೆ ಕಡೆಯವಳು. ಮನೆಯಲ್ಲಿ ಮರಾಠಿ, ತವರಿನಲ್ಲಿ ಕನ್ನಡ, ಎರಡೂ ಕಲಸಿದ ಮಾತು. ನಾವು ಹನ್ನೆರಡು ಹೆಂಗಸರು ಕೂತು ಕೆಲಸ ಮಾಡುವ ಆ ದೊಡ್ಡ ಹಾಲ್‌ನಲ್ಲಿ ನಾನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಅವಳೊಬ್ಬಳ ಹತ್ತಿರ. ಮೊದಲ ದಿನ ಫಿಲ್ಟರಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು.

"ಏನ್ ಕಂಡಂಗ ಕಾಣಸ್ತದ ನಿನಗ?"

"ಪಡ್ಡಿನ ಹಂಚು ಕಂಡಂಗ ಅದರಿ."

"ಬರೋಬರ್. ಆದ್ರ ಇದ್ರಾಗ ನೀ ಪಡ್ಡು ಕೆಡಿಸಿದ್ರ ಒಂದ್ ಊರ ಮಂದಿ ಉಪಾಸ ಬೀಳ್ತಾರ. ತಿಳೀತಾ? ಮತ್ತ ನನಗ 'ರೀ' ಅನಬ್ಯಾಡ. ಮುದುಕಿ ಆದಂಗ ಅನಸ್ತದ."

ಹಾಗೆ ಅವಳು ಮಂಗಲಕ್ಕ ಆದಳು. ಯಾವ ಪುಸ್ತಕದಲ್ಲೂ ಇಲ್ಲದ ಎರಡು ಮಾತು ಅವಳಿಂದ ಕಲಿತೆ. ಸ್ಕ್ರೂ ಸರಿಯಾಗಿ ಕೂತಮೇಲೆ ನಟ್ಟು ಬಿಗಿಮಾಡಿದರೆ ನಟ್ಟು ಸ್ಕ್ರೂವನ್ನು ಸ್ವಲ್ಪ ಎಳೆದುಕೊಂಡು ಹೋಗುತ್ತದೆ. ಎಷ್ಟು ಎಳೆಯುತ್ತದೆ ಎಂದು ಮೊದಲೇ ಅಂದಾಜು ಮಾಡಿ ಅಷ್ಟು ಹಿಂದಕ್ಕೆ ನಿಲ್ಲಿಸಬೇಕು. ಅದು ಒಂದು. ಎರಡನೆಯದು, ಗೆರೆಯನ್ನು ಹೊಸ್ತಿಲಿಗೆ ತಾಗಿಸಿ ಬಿಡಬಾರದು. "ಇಲ್ಲಿ ಎ.ಸಿ. ಒಳಗ ಕುಂತು ಚಂದ ಕಾಣಸ್ತದ. ಇದು ಹೋಗಿ ಕುಂದ್ರೂದು ಬಿಸಲಾಗ. ಕಾದ ಮ್ಯಾಲ ಎಲ್ಲಾ ಹಿಗ್ಗತದ, ಗೆರಿ ಮ್ಯಾಲ ಏಳತದ. ಬ್ಯಾಸಗಿಗಿ ಅಂತ ಒಂದ್ ಬಟ್ಟ ಜಾಗಾ ಬಿಡು" ಎನ್ನುತ್ತಿದ್ದಳು. ಗೆರೆಗೂ ಹೊಸ್ತಿಲಿಗೂ ನಡುವೆ ಒಂದು ಬೆರಳಿನಷ್ಟು ಎಂದು.

ನಮ್ಮ ಮೇಲಿನವರು ಬಾಪಟ್ ಸಾಹೇಬರು. ತೆಳ್ಳಗಿನ ಮನುಷ್ಯ, ಕೆಟ್ಟವರಲ್ಲ, ನಾಲಿಗೆ ಮಾತ್ರ ಹರಿತ. ನನ್ನ ಮೊದಲ ತಿಂಗಳು ಒಂದು ಫಿಲ್ಟರಿಗೆ ಮುಚ್ಚಳ ಮುಚ್ಚುವಾಗ ಬೇಗ ಆಗಲೆಂದು ನಾಲ್ಕೇ ಸ್ಕ್ರೂ ಹಾಕಿ ಟ್ಯೂನ್ ಮಾಡಿದೆ. ಗೆರೆ ಚಿತ್ರ ಬರೆದಂತೆ ಬಂತು. ಮುಂದಿನ ಮೇಜಿನವಳು ಉಳಿದ ಸ್ಕ್ರೂಗಳನ್ನು ಬಿಗಿದ ಕೂಡಲೇ ಮುಚ್ಚಳ ಒಳಗೆ ಒತ್ತಿ ಎಲ್ಲಾ ಹಾಳಾಯಿತು. ಸಾಹೇಬರು ಹಾಲಿನ ನಡುವೆ ನಿಂತು, "ಕಾಯ ಮೌನೀಬಾಬಾ, ಝಾಕಣ ನ ಲಾವತಾ ಭಾತ ಶಿಜವತಾ?" ಎಂದರು. ಮುಚ್ಚಳ ಹಾಕದೇ ಅನ್ನ ಬೇಯಿಸುತ್ತೀರೇನು ಎಂದು. ಎಲ್ಲರೂ ನಕ್ಕರು. ಅಂದಿನಿಂದ ನಾನು ಮೌನೀಬಾಬಾ.

ಇನ್ನೊಂದು ಪ್ರಸಂಗ ಬರೆಯಬೇಕು, ಅದರಿಂದ ಮಂಗಲಕ್ಕ ಎಂಥವಳು ಎಂದು ತಿಳಿಯುತ್ತದೆ. ಒಂದು ವಾರ ನಮ್ಮ ಎಲ್ಲರ ಪರದೆಯ ಮೇಲೂ ಆಗಾಗ ಒಂದು ಮುಳ್ಳು ಏಳುತ್ತಿತ್ತು. ಗೆರೆ ಸರಿಯಾಗಿರುತ್ತದೆ, ಇದ್ದಕ್ಕಿದ್ದಂತೆ ನೆಟ್ಟಗೆ ಒಂದು ಮುಳ್ಳು, ಮತ್ತೆ ಮಾಯ. ಇಂಜಿನಿಯರುಗಳು ಕೇಬಲ್ ಬದಲಿಸಿದರು, ಹೊರಗೆ ನೆಲ ಅಗೆದು ಅರ್ಥಿಂಗಿಗೆ ತಾಮ್ರದ ಪಟ್ಟಿ ಹೂಳಿದರು. ಕಿಟಕಿಯ ಪಕ್ಕದ ನನ್ನ ಜಾಗದಿಂದ ಗೇಟು ಕಾಣುತ್ತಿತ್ತು. ಗೇಟಿನ ವಾಚಮನ್ ಹೊಸದಾಗಿ ಬಂದ ವಾಕಿಟಾಕಿಯನ್ನು ಬಾಯಿಗೆ ಹಿಡಿದಾಗಲೆಲ್ಲ ಮುಳ್ಳು ಏಳುತ್ತದೆ ಎಂದು ನನಗೆ ಗೊತ್ತಾಯಿತು. ಮೂರು ದಿನ ಗೊತ್ತಿದ್ದೂ ಸುಮ್ಮನಿದ್ದೆ. ನಾಲ್ಕನೆಯ ದಿನ ಊಟದ ಹೊತ್ತಿಗೆ ಮಂಗಲಕ್ಕನಿಗೆ ಹೇಳಿದೆ.

"ಅಯ್ಯ ಹುಚ್ಚಿ! ಸಾಹೇಬರಿಗಿ ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ ಅಕ್ಕಾ. ಅವ್ರು ಇಂಜಿನಿಯರ್ ಮಂದಿ."

ಅವಳು ಕೈಯಲ್ಲಿದ್ದ ಭಾಕ್ರಿ ಡಬ್ಬಿಯಲ್ಲಿಟ್ಟು ಎದ್ದು ನಿಂತು, ಹಾಲಿನ ಆ ಕೊನೆಗೆ ಕೇಳುವಂತೆ ಮರಾಠಿಯಲ್ಲಿ ಕೂಗಿದಳು: "ಸಾಹೇಬ, ಚೋರ ಸಾಪಡಲಾ! ಶರಣಾನೇ ಪಕಡಲಾ!" ಕಳ್ಳ ಸಿಕ್ಕ, ಹಿಡಿದವಳು ಶರಣಾ ಎಂದು, ನನ್ನ ಹೆಸರು ಹೇಳಿ. ತಾನು ಹಿಡಿದೆ ಎಂದಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ. ಸಾಹೇಬರು ವಾಚಮನ್‌ನನ್ನು ಮಾತಾಡಿಸಿ ನೋಡಿದರು. ಅವನು ಕ್ಯಾಂಟೀನಿಗೆ "ಬಟಾಟೆ ಲಾರಿ ಬಂತು" ಎಂದಾಗ ಹನ್ನೆರಡು ಪರದೆಗಳ ಮೇಲೂ ಮುಳ್ಳು ಎದ್ದಿತು. ಭಾಗ್ಯಾ, ಇದನ್ನು ಕೆಲಸದ ಪಾಠವಾಗಿಯೂ ಇಟ್ಟುಕೋ. ಮಾತು ಕೆಡಿಸುವವನನ್ನು ದೂರದಲ್ಲಿ ಹುಡುಕುವ ಮೊದಲು ಪಕ್ಕದಲ್ಲಿ ನೋಡು.

ನಾನು ಸೇರಿ ಏಳನೆಯ ವರ್ಷ ನಿಮ್ಮ ಅಜ್ಜ ಕಾಮಾಲೆಯಿಂದ ಹೋದರು. ಅದರ ಬಗ್ಗೆ ನಿಮಗೆ ಗೊತ್ತು, ಮತ್ತೆ ಬರೆಯಲಾರೆ. ನಿಮ್ಮ ಮಾಮ ಒಂಬತ್ತನೆಯ ತರಗತಿಯಲ್ಲಿದ್ದ. ಊರಿನಿಂದ ಅತ್ತೆ ನನ್ನ ಜೊತೆ ಇರಲು ಬಂದರು. ಹದಿನಾಲ್ಕನೆಯ ದಿನ ನಾನು ಕೆಲಸಕ್ಕೆ ಹೋದೆ, ರಜೆ ಮುಗಿದಿತ್ತು.

ಟ್ಯೂನ್ ಮಾಡಿದ ಮೇಲೆ ನಟ್ಟು ಅಲುಗಾಡದಂತೆ ಅದರ ಮೇಲೆ ಒಂದು ಚುಕ್ಕೆ ಬಣ್ಣ ಇಡುತ್ತಿದ್ದೆವು. ಉಗುರುಬಣ್ಣದಂಥದೇ, ಸಣ್ಣ ಬಾಟಲಿ, ಮುಚ್ಚಳಕ್ಕೇ ಕುಂಚ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಪೆಟ್ಟಿಗೆಯ ಜೊತೆಗಿನ ಚೀಟಿ ಹರಿದುಹೋಗಬಹುದು, ಚುಕ್ಕೆ ಹೋಗುವುದಿಲ್ಲ. ನಾಲ್ಕು ವರ್ಷದ ನಂತರ ಪೆಟ್ಟಿಗೆ ತಿರುಗಿ ಬಂದರೂ ಯಾರ ಕೈ ಎಂದು ತಿಳಿಯಬೇಕು, ಅದಕ್ಕೆ. ನನ್ನದು ಕೆಂಪು. ಮಂಗಲಕ್ಕನದು ಬಿಳಿ. ಸಾಹೇಬರ ದಪ್ಪ ಪುಸ್ತಕದಲ್ಲಿ ಹಾಗೆಯೇ ಬರೆದಿತ್ತು.

ಆ ಬಣ್ಣ ಬೆರಳಿಗೆ ತಾಗದೇ ಇರುವುದಿಲ್ಲ. ಕೆಲಸಕ್ಕೆ ತಿರುಗಿ ಹೋದ ಮೊದಲ ದಿನ ಸಂಜೆ ಮನೆಗೆ ಬಂದು ನೀರಿನ ಕೊಡ ಇಳಿಸುವಾಗ ಅತ್ತೆ ನನ್ನ ಕೈ ನೋಡಿದರು.

"ಇದೇನಿದು? ನನ್ನ ಮಗ ಹೋಗಿ ಅರ್ಧ ತಿಂಗಳ ಆಗಿಲ್ಲ, ಉಗುರಿಗಿ ಕೆಂಪು ಬಣ್ಣಾ?"

ನಾನು ಕೊಡ ಕೆಳಗಿಟ್ಟೆ. ಉಗುರನ್ನು ಕಲ್ಲಿಗೆ ಉಜ್ಜಿದೆ. ಪಕ್ಕದ ಖೋಲಿಯ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮರುದಿನ ಬೆಂಚಿನ ಮುಂದೆ ಕೂತು ಕೆಂಪು ಬಾಟಲಿ ತೆಗೆಯಲು ಕೈ ಬರಲಿಲ್ಲ. ಮಂಗಲಕ್ಕ ನನ್ನ ಬೆರಳು ನೋಡಿದಳು. ಉಜ್ಜಿ ಉಜ್ಜಿ ರಕ್ತ ಬಂದಿತ್ತು.

"ಅತ್ತಿ ಏನರ ಅಂದ್ರೇನು?"

ತಲೆಯಾಡಿಸಿದೆ.

"ತಗೋ, ನನ್ ಬಿಳಿದು ತಗೋ. ನಿನ್ನ ಕೆಂಪ ಇಕಾಡಿ ಕೊಡು. ನನಗೇನು, ನನ್ ಗಂಡ ಗುಂಡಕಲ್ಲಿನಂಗ ಕುಂತಾನ ಮನಿಯಾಗ."

"ಪುಸ್ತಕದಾಗ ಬರದಾರಲ್ಲ ಅಕ್ಕಾ."

"ಪುಸ್ತಕಾ ಯಾರ್ ಓದ್ತಾರ? ಮುಂದ ಸಾಹೇಬರಿಗಿ ನೀನೇ ಹೇಳಿಬಿಡು, ಒಂದ್ ಮಾತಿನ ಕೆಲಸ."

ನಾನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಒಂದು ತಿಂಗಳು ಹೋಯಿತು, ಎರಡು ತಿಂಗಳು ಹೋಯಿತು. ಅವಳು ನಾನು ಹೇಳಿದ್ದೇನೆ ಎಂದುಕೊಂಡಳು.

ಆ ಚಳಿಗಾಲದಲ್ಲೇ ದೊಡ್ಡ ಬೇಡಿಕೆ ಬಂತು. ಫಿಲ್ಟರುಗಳನ್ನು ಕಾಯಿಸಿ ನೋಡುವ ಯಂತ್ರ ಕೆಟ್ಟಿತ್ತು. ರಿಪೇರಿಗೆ ಕಾಯದೆ ಮಾಲು ಕಳಿಸಿದರು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಯಂತ್ರ ಕೆಟ್ಟದ್ದು ಎಲ್ಲರಿಗೂ ಒಂದೇ. ಮಂಗಲಕ್ಕ ಎಂದಿನಂತೆ ಒಂದು ಬೆರಳಿನ ಜಾಗ ಬಿಟ್ಟಳು. ನನಗೆ ಆ ದಿನಗಳಲ್ಲಿ ಪರದೆ ನೋಡುತ್ತಾ ಕೂತರೆ ಕಣ್ಣು ತುಂಬಿ ಗೆರೆ ಎರಡಾಗುತ್ತಿತ್ತು. ಕೊನೆಯ ಆ ಬೆರಳಿನಷ್ಟು ಜಾಗಕ್ಕಾಗಿ ಒಂದೊಂದು ಫಿಲ್ಟರಿಗೆ ಮತ್ತೆ ಅರ್ಧ ಗಂಟೆ ಬೇಕು. ಗೆರೆ ಹೊಸ್ತಿಲಿಗೆ ತಾಗಿ ನಿಂತರೂ ಮೇಜಿನ ಮೇಲಿನ ಪರದೆಯ ಯಂತ್ರ ಹಸಿರು ದೀಪ ತೋರಿಸುತ್ತದೆ. ಹಸಿರು ಬಂತಲ್ಲ ಎಂದು ನಟ್ಟು ಬಿಗಿದು, ಬಿಳಿ ಚುಕ್ಕೆ ಇಟ್ಟು ಮುಂದೆ ತಳ್ಳಿದೆ. ಒಂದಲ್ಲ, ಎಂಟು.

ಬೇಸಿಗೆ ಬಂತು. ಬಾರಾಮತಿ ಕಡೆಯ ಹಳ್ಳಿಗಳಿಂದ ದೂರು ಬಂತು. ಬೆಳಿಗ್ಗೆ ಫೋನು ಇರುತ್ತದೆ, ಬಿಸಿಲೇರಿದರೆ ಹೋಗುತ್ತದೆ, ಹೊತ್ತು ಮುಳುಗಿ ತಂಪಾದ ಮೇಲೆ ತಿರುಗಿ ಬರುತ್ತದೆ. ಬಾಪಟ್ ಸಾಹೇಬರು ಅಲ್ಲಿಯ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿ ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಶರಣಾಬಾಯಿ, ನಿಮ್ಮ ಕೆಂಪು ಚುಕ್ಕೆಯವು ಒಂದೂ ಕೆಟ್ಟಿಲ್ಲ. ಕೆಟ್ಟವೆಲ್ಲ ಬಿಳಿ. ನಾಳೆ ನೀವು ನನ್ನ ಜೊತೆ ಬರ್ರಿ, ಅಲ್ಲೇ ಸರಿಮಾಡಬೇಕು" ಎಂದು ಮರಾಠಿಯಲ್ಲಿ ಹೇಳಿದರು. ಹಾಲಿನಲ್ಲೆಲ್ಲ ನನ್ನನ್ನು ಆರಿಸಿದ್ದರು. ಮಂಗಲಕ್ಕನ ಕುರ್ಚಿ ಖಾಲಿಯಿತ್ತು. ಅವಳ ಅತ್ತೆಗೆ ಹುಷಾರಿಲ್ಲವೆಂದು ಎರಡು ದಿನ ರಜೆ ಹಾಕಿದ್ದಳು.

ಆ ಊರಿನ ಹೆಸರು ಬರೆಯುವುದಿಲ್ಲ. ಸುತ್ತ ಕಬ್ಬು, ನಡುವೆ ನೀರಿನ ಟಾಕಿ, ಟಾಕಿಯ ತಲೆಯ ಮೇಲೆ ನಮ್ಮ ಪೆಟ್ಟಿಗೆ. ಹಗ್ಗ ಕಟ್ಟಿ ಕೆಳಗಿಳಿಸಿದರು. ಮುಟ್ಟಿದರೆ ಬೆರಳು ಚುರ್ ಎನ್ನುವಷ್ಟು ಕಾದಿತ್ತು. ಪೆಟ್ಟಿಗೆಯ ಹೊರ ಮುಚ್ಚಳ ತೆಗೆದೆ. ಸಾಲಾಗಿ ಬಿಳಿ ಚುಕ್ಕೆಗಳು. ನನ್ನ ಚುಕ್ಕೆ ಸ್ವಲ್ಪ ಎಡಕ್ಕೆ ಬಾಲ ಬಿಡುತ್ತದೆ, ಮಂಗಲಕ್ಕನದು ದುಂಡಗಿರುತ್ತದೆ. ನೋಡುವವರು ಇದ್ದಿದ್ದರೆ ಅಷ್ಟೇ ಸಾಕಾಗಿತ್ತು. ಸಾಹೇಬರು ಹೆಂಗಸರ ಚುಕ್ಕೆಗಳನ್ನು ಅಷ್ಟು ಹತ್ತಿರದಿಂದ ನೋಡಿದವರಲ್ಲ.

ಜೀಪಿನ ಹಿಂಬದಿಯಲ್ಲಿ ಯಂತ್ರವಿಟ್ಟುಕೊಂಡು ನಾನು ಸ್ಕ್ರೂ ಸಡಿಲಿಸುತ್ತಿದ್ದಾಗ ನನ್ನ ವಯಸ್ಸಿನ ಒಬ್ಬ ಹೆಂಗಸು ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಸಾಹೇಬರು ಮರದ ಕೆಳಗೆ ಫೋನು ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ಆಕೆ ನನ್ನ ಪಕ್ಕದಲ್ಲಿ ಕೂತು ತಾನಾಗಿಯೇ ಹೇಳತೊಡಗಿದಳು. ಹೋದ ವಾರ ಸಾಸವಡದಲ್ಲಿ ಅವಳ ಅಪ್ಪ ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡರು. ಅವಳ ತಮ್ಮ ಫೋನು ಮಾಡಿ ಮಾಡಿ ಸೋತ. ಇಲ್ಲಿ ಫೋನು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬಿಸಿಲಿನ ದಿನ, ಹೆಣ ಇಡುವಂತಿರಲಿಲ್ಲ; ಅಷ್ಟರಲ್ಲಿ ಸುಟ್ಟಿದ್ದರು.

"ತೋಂಡ ಪಾಹಿಲಂ ನಾಹೀ" ಎಂದಳು. ಮುಖ ನೋಡಲಿಲ್ಲ ಎಂದು. ಅಳಲಿಲ್ಲ. ಬಿಚ್ಚಿಟ್ಟ ಪೆಟ್ಟಿಗೆಯ ಕಡೆ ನೋಡಿ, "ಬಾಈ, ಇವನ್ನು ನೀವೇ ಮಾಡುತ್ತೀರಾ?" ಎಂದು ಕೇಳಿದಳು.

ನಾನು ಉಳಿದ ನೀರು ಕುಡಿದೆ. ತಂಬಿಗೆ ತಿರುಗಿ ಕೊಟ್ಟೆ.

ಮೂರು ಊರುಗಳ ಪೆಟ್ಟಿಗೆಗಳನ್ನು ಸರಿಮಾಡಿ, ಒಂದೊಂದಕ್ಕೂ ಎರಡು ಬೆರಳು ಜಾಗ ಬಿಟ್ಟು ತಿರುಗಿ ಬರುವಾಗ ಜೀಪಿನಲ್ಲಿ ಸಾಹೇಬರು ಹೇಳಿದರು, "ಮಂಗಲಾಬಾಯಿಯ ಲಕ್ಷ್ಯ ಈಗ ಕೆಲಸದ ಮೇಲಿಲ್ಲ. ಹೌದೋ ಅಲ್ಲೋ?" ರಸ್ತೆ ಉದ್ದವಿತ್ತು. ಹೇಳಬಹುದಾಗಿತ್ತು. ಜೀಪಿನಲ್ಲಿ ಡ್ರೈವರ್ ಬಿಟ್ಟರೆ ಯಾರೂ ಇರಲಿಲ್ಲ. ನಾನು ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳನ್ನು ನೋಡುತ್ತಾ ಕೂತೆ.

ರಜೆ ಮುಗಿಸಿ ಮಂಗಲಕ್ಕ ಬಂದ ಬೆಳಿಗ್ಗೆ ಅವಳನ್ನು ಗಾಜಿನ ಕೋಣೆಗೆ ಕರೆದರು. ಮಾತು ಹೊರಗೆ ಕೇಳುವುದಿಲ್ಲ, ಮುಖ ಕಾಣುತ್ತದೆ. ಅವಳು ಮೊದಲು ನಕ್ಕಳು. ಆಮೇಲೆ ಬಾಗಿಲು ತೆರೆದು, "ಏ ಶರಣವ್ವಾ, ಬಾ ಇಲ್ಲಿ" ಎಂದು ಕೂಗಿದಳು. ಅವಳ ದನಿಯಲ್ಲಿ ಭಯವೇ ಇರಲಿಲ್ಲ. ನಾನು ಬಂದರೆ ಮುಗಿಯಿತು ಎಂದುಕೊಂಡಿದ್ದಳು.

ಒಳಗೆ ಹೋದೆ. ಸಾಹೇಬರ ಮುಂದೆ ಆ ದಪ್ಪ ಪುಸ್ತಕ ತೆರೆದಿತ್ತು.

"ಇವಳು ಹೇಳುತ್ತಾಳೆ, ನಿಮ್ಮ ಗಂಡ ಹೋದಮೇಲೆ ನೀವಿಬ್ಬರೂ ಬಾಟಲಿ ಬದಲಿಸಿಕೊಂಡಿದ್ದೀರಿ, ಬಿಳಿ ಚುಕ್ಕೆ ನಿಮ್ಮದು ಎಂದು. ಖರಂ ಆಹೇ ಕಾ, ಶರಣಾಬಾಯಿ?" ನಿಜವೇ ಎಂದು.

ನಾನು ನೆಲ ನೋಡಿದೆ.

ಅವರು ಹಿಂದಿಯಲ್ಲಿ ಮತ್ತೊಮ್ಮೆ ಕೇಳಿದರು, ನನಗೆ ಮರಾಠಿ ತಿಳಿಯಲಿಲ್ಲವೇನೋ ಎಂದು.

"ಒಂದ್ ಮಾತ ಹೇಳವ್ವಾ" ಎಂದಳು ಮಂಗಲಕ್ಕ. "ಹೌದಂದ್ರ ಸಾಕು. ನಿನಗ ಏನೂ ಮಾಡಾಂಗಿಲ್ಲ ಅವ್ರು, ನಾ ಹೇಳ್ತೀನಿ ಯಾಕ ಬದಲಿಸಿದ್ವಿ ಅಂತ." ನನ್ನ ತೋಳು ಮುಟ್ಟಿದಳು. "ಶರಣವ್ವಾ."

ನಾನು ನಾಚಿಕೆಯವಳು, ಬಾಯಿಬಾರದವಳು, ಅದಕ್ಕೇ ಮಾತಾಡಲಿಲ್ಲ ಎಂದು ಆಮೇಲೆ ಎಲ್ಲರೂ ತಿಳಿದರು. ನಿಮ್ಮ ಅಮ್ಮನೂ ಹಾಗೆಯೇ ತಿಳಿದಿದ್ದಾಳೆ. ಅದು ನಾಚಿಕೆಯಲ್ಲ, ಮಕ್ಕಳೇ. ಆ ಕೋಣೆಯಲ್ಲಿ ನಿಂತು ನಾನು ಯೋಚನೆ ಮಾಡಿದೆ. ನನ್ನ ಮಗ ಶಾಲೆಯಲ್ಲಿದ್ದಾನೆ, ಮನೆಯಲ್ಲಿ ಮುದುಕಿ ಇದ್ದಾಳೆ, ದುಡಿಯುವವಳು ನಾನೊಬ್ಬಳೇ. ಇವಳಿಗೆ ಗಂಡನಿದ್ದಾನೆ, ಅವನಿಗೆ ಕಾಯಂ ಕೆಲಸವಿದೆ; ಇವಳ ಕೆಲಸ ಹೋದರೂ ಬದುಕುತ್ತಾಳೆ. ಅಷ್ಟು ಯೋಚಿಸುವಷ್ಟು ಬುದ್ಧಿ ಸರಿಯಾಗಿತ್ತು. ಯೋಚಿಸಿಯೇ ಸುಮ್ಮನಿದ್ದೆ.

ಸಾಹೇಬರು ಪುಸ್ತಕ ಮುಚ್ಚಿದರು. "ಮಂಗಲಾಬಾಯಿ, ಗಂಡ ಸತ್ತ ಹೆಂಗಸಿನ ಮೇಲೆ ತಪ್ಪು ಹಾಕಬೇಡಿ. ನಾಳೆಯಿಂದ ಕೆಲಸಕ್ಕೆ ಬರಬೇಡಿ" ಎಂದರು.

ಮಂಗಲಕ್ಕ ನನ್ನನ್ನೇ ನೋಡಿದಳು. ಬೈಯಲಿಲ್ಲ. ತನ್ನ ಮೇಜಿಗೆ ಹೋಗಿ, ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿ, ಡಬ್ಬಿಯ ಚೀಲ ತೆಗೆದುಕೊಂಡು ಹೊರಟಳು. ಹಿಂದಿನಿಂದ ಯಾರೋ "ಕಾಯ ಝಾಲಂ, ಮಂಗಲಾ?" ಎಂದು ಕೇಳಿದರು, ಏನಾಯಿತು ಎಂದು. ಅವಳು ಉತ್ತರ ಕೊಡದೇ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವಳ ಮೇಜು ಖಾಲಿಮಾಡಿದವರು ಕೆಂಪು ಬಾಟಲಿಯನ್ನು, ಪುಸ್ತಕದಲ್ಲಿ ನಿನ್ನದೆಂದಿದೆ ಎಂದು, ನನ್ನ ಮುಂದೆ ತಂದಿಟ್ಟರು; ಅದು ಅಲ್ಲಿ ಯಾಕಿತ್ತು ಎಂದು ಯಾರೂ ಕೇಳಲಿಲ್ಲ. ಆ ಸಂಜೆ ಮತ್ತೆ ಉಗುರು ಕೆಂಪಾಗಿತ್ತು. ಅತ್ತೆ ನೋಡುವ ಮೊದಲೇ ನಾನು ಹೇಳಿದೆ, "ಇದು ಕೆಲಸದ ಬಣ್ಣರಿ ಅತ್ತಿ. ನಟ್ಟಿಗಿ ಹಚ್ಚೂದು."

"ಹೌದಾ?" ಎಂದರು ಅತ್ತೆ. "ಹಂಗಂತ ಅವತ್ತೇ ಹೇಳಬಾರದೇನ? ನಾ ಏನೋ ಅನ್ಕೊಂಡೆ." ಎಂದು ಜೋಳ ಹಸನು ಮಾಡುವುದನ್ನು ಮುಂದುವರಿಸಿದರು.

ಅಷ್ಟೇ. ಅಷ್ಟರಲ್ಲಿ ಮುಗಿಯುವ ಮಾತಾಗಿತ್ತು.

ಆಮೇಲೆ ಕೆಲಸದ ರೀತಿ ಬದಲಾಗುತ್ತಾ ಹೋಯಿತು. ನನಗೆ ಬಡ್ತಿ ಕೊಟ್ಟು ಹೊಸ ಹುಡುಗಿಯರಿಗೆ ಕಲಿಸಲು ಹಾಕಿದರು, ಕೆಂಪು ಚುಕ್ಕೆಯವಳು ಎಂದು. ಮಂಗಲಕ್ಕ ಹೇಳಿದ್ದನ್ನೇ, ಅವಳ ಮಾತಿನಲ್ಲೇ ಕಲಿಸಿದೆ. ಅವಳ ಹೆಸರು ಹೇಳಲಿಲ್ಲ. ಕೆಲವು ವರ್ಷಗಳಲ್ಲಿ ಸ್ಕ್ರೂ ತಿರುಗಿಸುವ ಯಂತ್ರದ ಕೈಗಳು ಬಂದವು. ಅವು ಹೊಸ್ತಿಲಿನಿಂದ ಎಷ್ಟು ದೂರ ನಿಲ್ಲಬೇಕು ಎಂದು ಹೇಳಿದರೆ ಅಷ್ಟೇ ದೂರ ನಿಲ್ಲುತ್ತಿದ್ದವು, ಯಾರ ಮನೆಯಲ್ಲಿ ಏನಾಗಿದ್ದರೂ. ಹನ್ನೆರಡು ಮೇಜುಗಳು ಮೂರಾದವು. ಬಾಪಟ್ ಸಾಹೇಬರು ನಿವೃತ್ತರಾಗಿ, ಮಗಳ ಊರಿಗೆ ಹೋಗಿ, ಅಲ್ಲೇ ತೀರಿಕೊಂಡರೆಂದು ಕೇಳಿದೆ. ಅವರ ನಂತರದ ಹುಡುಗ ಸಾಹೇಬ ಒಳ್ಳೆಯವನು. ಒಂದು ದಿನ ನನಗೆ ಹೊಸ ಪೆಟ್ಟಿಗೆ ತೋರಿಸಿದ. ಅದು ತಾನು ಏನು ಕೂಗುತ್ತಿದ್ದೇನೆ ಎಂಬುದನ್ನು ನೆನಪಿಟ್ಟುಕೊಂಡು, ಕಿವಿಗೆ ಬಿದ್ದದ್ದರಿಂದ ಅಷ್ಟನ್ನು ಕಳೆದುಬಿಡುತ್ತದಂತೆ. ಪಕ್ಕದ ಪೆಟ್ಟಿಗೆಗಳು ಸರದಿ ಗೊತ್ತುಮಾಡಿಕೊಂಡು, ಒಂದು ಮಾತಾಡುವಾಗ ಇನ್ನೊಂದು ಸುಮ್ಮನಿರುತ್ತದಂತೆ. ಬೇಕಾದಷ್ಟೇ ಜೋರಾಗಿ, ಬೇಕಾದ ಕಡೆಗೇ ತಿರುಗಿ ಹೇಳುತ್ತದಂತೆ. ಭಾಗ್ಯಾ, ನೀನು ಮಾಡಲು ಹೊರಟಿರುವುದು ಇದನ್ನೇ ಎಂದು ಕಾಣುತ್ತದೆ. ನನಗೆ ಅರ್ಧ ತಿಳಿಯಿತು. ಕೊನೆಯ ಎರಡು ವರ್ಷ ನಾನು ಪ್ಯಾಕಿಂಗಿನಲ್ಲಿದ್ದೆ. ನಿವೃತ್ತಿಯ ದಿನ ಶಾಲು ಹೊದಿಸಿ ಮಾತಾಡಿ ಎಂದರು. ಕೈಮುಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೋದ ವರ್ಷ ದೀಪಾವಳಿಗೆ ಮುಂಚೆ ಫ್ಯಾಕ್ಟರಿ ಬಸ್ಸಿನ ಹಳೆಯ ಗೆಳತಿಯೊಬ್ಬಳು ಸಿಕ್ಕಾಗ ಮಂಗಲಕ್ಕನ ಮನೆ ಎಲ್ಲಿ ಎಂದು ಕೇಳಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಶಹರದ ಸದಾಶಿವ ಪೇಠೆಯಲ್ಲಿ ಮಗನ ಜೊತೆ ಇದ್ದಾಳೆ, ಕ್ಲಾಸಿಗೆ ಬರುವ ಹುಡುಗರಿಗೆ ಊಟದ ಡಬ್ಬಿ ಮಾಡಿಕೊಡುತ್ತಾರೆ ಎಂದಳು. ನಿಮ್ಮ ಅಮ್ಮನಿಗೆ ಗುಡಿಗೆ ಹೋಗುತ್ತೇನೆಂದು ಹೇಳಿ ಒಂದು ಮಧ್ಯಾಹ್ನ ಹೋದೆ.

ಹಳೆಯ ವಾಡೆ, ಮರದ ಮೆಟ್ಟಿಲು, ಮೇಲೆ ಎರಡು ಖೋಲಿ. ಬಾಗಿಲಲ್ಲೇ ಕೂತು ಮಂಗಲಕ್ಕ ಮೆಂತ್ಯ ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆ ಬರಿದಾಗಿತ್ತು. ನನ್ನನ್ನು ನೋಡಿ ಕೈ ನಿಲ್ಲಿಸಿದಳು, ಮತ್ತೆ ಬಿಡಿಸತೊಡಗಿದಳು.

"ಬಾ. ಕುಂದ್ರು."

ಕೂತೆ. ಒಳಗೆ ಸೊಸೆ ಅಡುಗೆ ಮಾಡುತ್ತಿದ್ದಳು, ಕುಕ್ಕರುಗಳ ಸದ್ದು. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಶುರುಮಾಡಿದೆ. "ಮಂಗಲಕ್ಕ, ಅವತ್ತು ಆ ಬಾಟಲಿ..."

"ನನಗ ಯಾಕ ಹೇಳ್ತಿ?" ಎಂದಳು. "ನನಗ ಗೊತ್ತೇ ಅದ."

ನಾನೂ ಒಂದು ಹಿಡಿ ಮೆಂತ್ಯ ಎಳೆದುಕೊಂಡೆ.

"ಅವ್ರಿಗಿ ಹೇಳಬೇಕಾಗಿತ್ತು" ಎಂದು ಗೋಡೆಯ ಮೇಲಿನ ಫೋಟೋದ ಕಡೆ ಗಲ್ಲ ಎತ್ತಿದಳು. ಅವಳ ಗಂಡ. ಹಾರ ಹಾಕಿತ್ತು. "ಹಾಲು ಉಕ್ಕಿದ್ರೂ ಅದೇ, ಭಾಕ್ರಿ ಹೊತ್ತಿದ್ರೂ ಅದೇ. ಈಕಿ ಕೈ ಹಂಗೇ ಅದ, ಫ್ಯಾಕ್ಟರಿಯವರೇ ಹೊರಗ ಹಾಕ್ಯಾರ ಅಂತಿದ್ರು. ನಗ್ತಾನೇ ಅಂತಿದ್ರು. ಆದ್ರ ಸಾಯೂತನಕ ಅಂದ್ರು. ನಾ ಹೇಳಿದ್ದು ಅವ್ರು ಒಂದ್ ದಿನಾನೂ ನಂಬಲಿಲ್ಲ. ಮತ್ತ ನಿನ್ನ ಗೆಳತಿ ಯಾಕ ಹೇಳ್ಲಿಲ್ಲ ಅಂತ ಕೇಳ್ತಿದ್ರು. ಅದಕ್ಕ ಏನ್ ಹೇಳ್ಲಿ?"

"ತಪ್ಪಾಯ್ತು ಅಕ್ಕಾ."

ಅವಳು ಮೆಂತ್ಯದ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. ಒಳಗೆ ತಿರುಗಿ, "ರೂಪಾಲೀ, ಇಕಡೇ ಯೇ ಜರಾ" ಎಂದು ಸೊಸೆಯನ್ನು ಕರೆದಳು. ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದಳು. ಮೂವತ್ತರ ಹೆಣ್ಣುಮಗಳು, ಅವಸರದಲ್ಲಿದ್ದಳು.

"ಈಕಿಗಿ ಹೇಳು" ಎಂದಳು ಮಂಗಲಕ್ಕ ನನಗೆ. "ಮರ್‍ಹಾಟಿಯಾಗ ಹೇಳು. ಈಕಿನೂ ಮಾವನ ಬಾಯಾಗಿಂದ ಅದೇ ಕೇಳ್ಕೊಂತ ಬಂದಾಳ."

ನಾನು ಹೇಳಿದೆ. ಬಾಟಲಿ ಬದಲಿಸಿಕೊಂಡದ್ದು ನನಗಾಗಿ ಎಂದು. ಕೆಟ್ಟ ಫಿಲ್ಟರುಗಳು ನನ್ನ ಕೈಯವು, ನಿಮ್ಮ ಅತ್ತೆಯದು ಒಂದೂ ಕೆಟ್ಟಿರಲಿಲ್ಲ ಎಂದು. ಸಾಹೇಬರು ಕೇಳಿದಾಗ ನಾನು ಬೇಕೆಂದೇ ಸುಮ್ಮನಿದ್ದೆ ಎಂದು. ಮರಾಠಿ ತಡವರಿಸಿತು. ನಡುವೆ ಕುಕ್ಕರು ಕೂಗಿತು.

"ಹೋ ಕಾ?" ಎಂದಳು ರೂಪಾಲಿ. ಹೌದಾ ಎಂದು. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಚಹಾ ಟಾಕೂ ಕಾ?" ಚಹಾ ಇಡಲೇ ಎಂದು ಕೇಳಿ, ಇನ್ನೊಂದು ಕುಕ್ಕರು ಕೂಗಿದ್ದಕ್ಕೆ ಒಳಗೆ ಓಡಿದಳು.

ನಾನು ಸೆರಗು ಸರಿಮಾಡಿಕೊಂಡು ಏಳಲು ನೋಡಿದೆ. ಮಂಗಲಕ್ಕ ತಲೆ ಎತ್ತಲಿಲ್ಲ.

"ಆಕಿಗಿ ಅರ್ಧಾನೂ ಕೇಳಿಸಿಲ್ಲ" ಎಂದಳು. "ಕುಕ್ಕರ್ ಬಂದ್ ಮಾಡಸ್ತೀನಿ. ಮತ್ತೊಮ್ಮಿ ಹೇಳು. ಜೋರ್ ಹೇಳು."

ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ಮೊದಲಿನಿಂದ ಹೇಳತೊಡಗಿದೆ.